ದೂರ-ಜವ-ಕಾಲದ ಲೆಕ್ಕ ನಿಮ್ಮ ಮಕ್ಕಳಿಗೆ ಹೇಗೆ ತಲೆಗೆ ಹತ್ತಿಸಿದ್ರಿ? ಅನುಭವ ಇದ್ದೋರು ಹೇಳಿ

ಸುಂಟಿಕೊಪ್ಪದ ಅಮ್ಮ:
ಎಲ್ರಿಗೂ ನಮಸ್ಕಾರ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಸಮೀಕರಣ ಬರೆದು ಕೊಟ್ರೆ ಅಪವರ್ತನ ಮಾಡಿ ಎರಡು ನಿಮಿಷಕ್ಕೆ ಬಿಡಿಸಿ ಬಿಸಾಕ್ತಾನೆ, ಅದೇ ಲೆಕ್ಕ ಮಾತಲ್ಲಿ ಬಂತು ಅಂದ್ರೆ, ಅದ್ರಲ್ಲೂ ಈ ರೈಲು ದೋಣಿ ಬಸ್ಸು ಅಂತ ಶುರುವಾದ್ರೆ ಪೆನ್ನು ಕೆಳಗಿಟ್ಟು ಕಿಟಕಿಯಾಚೆ ಮಳೆ ನೋಡ್ತಾ ಕೂತ್ಕೋತಾನೆ. ನಿನ್ನೆ ಒಂದು ಲೆಕ್ಕ, ಅವನಿಗೆ ಹತ್ರ ಆಗ್ಲಿ ಅಂತ ನಾನೇ ಊರಿನ ಹೆಸ್ರು ಬದಲಾಯಿಸಿ ಕೊಟ್ಟೆ: ಮಡಿಕೇರಿಯಿಂದ ಮೈಸೂರಿಗೆ 120 ಕಿ.ಮೀ. ಅಂತಿಟ್ಕೊ, ಮಳೆ ಅಂತ ಬಸ್ಸು ಮಾಮೂಲಿಗಿಂತ ಗಂಟೆಗೆ 10 ಕಿ.ಮೀ. ನಿಧಾನ ಹೋಯ್ತು, 1 ಗಂಟೆ ಲೇಟಾಯ್ತು, ಮಾಮೂಲಿ ಜವ ಎಷ್ಟು? ಅವನು ಬರೆದಿದ್ದು 120 − 10. ಯಾಕೋ ಅಂದ್ರೆ "ಕಮ್ಮಿ ಅಂತ ಇದೆಯಲ್ಲಮ್ಮ" ಅಂತಾನೆ. ನಂಗೆ ಆಗ್ಲೂ ಇದು ಬರ್ತಿರ್ಲಿಲ್ಲ, ಈಗ್ಲೂ ಬರಲ್ಲ, ಬೈಯೋಕೂ ಮುಖ ಇಲ್ಲ. ನೀವೆಲ್ಲ ಹೇಗೆ ಹೇಳ್ಕೊಟ್ರಿ?

ವಿರಾಜಪೇಟೆ ಟ್ಯೂಷನ್ನೋರು:
ಮೇಡಂ ಆ 120 − 10 ನೋಡಿ ನಗು ಬಂತು, ಯಾಕಂದ್ರೆ ವರ್ಷಕ್ಕೆ ಹತ್ತು ಮಕ್ಕಳಾದ್ರೂ ಇದನ್ನೇ ಬರೀತಾರೆ. ಬೈಬೇಡಿ. ನಿಮ್ಮದು ತೋಟ ಇದ್ರೆ ಹೀಗೆ ಕೇಳಿ ನೋಡಿ: ಮನೇಲಿ 120 ಚೀಲ ಕಾಫಿ ಇದೆ, ರೇಟು ಚೀಲಕ್ಕೆ 10 ರೂಪಾಯಿ ಬಿತ್ತು, ಹಾಗಾದ್ರೆ ಈಗ 110 ಚೀಲ ಉಳೀತಾ? ಅವನೇ ನಗ್ತಾನೆ. ಚೀಲದಿಂದ ರೇಟು ಕಳೆಯಕ್ಕಾಗಲ್ಲ, ಹಾಗೇ ಕಿಲೋಮೀಟರಿಂದ ಜವ ಕಳೆಯಕ್ಕಾಗಲ್ಲ. ಜವ ಅಂದ್ರೆ ಒಂದು ಗಂಟೆಯ ರೇಟು ಅಷ್ಟೇ. ರೇಟು ಇಂಟು ಚೀಲ ಒಟ್ಟು ದುಡ್ಡು, ಜವ ಇಂಟು ಕಾಲ ಒಟ್ಟು ದೂರ. ನಮ್ಮ ಕಡೆ ಮಕ್ಕಳು ಐದನೇ ಕ್ಲಾಸಿಂದ್ಲೇ ಅಪ್ಪ ಫೋನಲ್ಲಿ 50 ಕೆಜಿ ಚೀಲಕ್ಕೆ ಎಷ್ಟು ಅಂತ ಮಾತಾಡೋದು ಕೇಳ್ಕೊಂಡೇ ಬೆಳೆದಿರ್ತಾರೆ, ರೇಟು ಅಂದ್ರೆ ಏನು ಅಂತ ಅವರಿಗೆ ಬೇರೆ ಯಾರೂ ಹೇಳ್ಕೊಡೋದು ಬೇಡ.

ಆಮೇಲೆ ನಾನು ಪೇಪರಲ್ಲಿ ಮೂರು ಕಂಬ (ಕಾಲಂ) ಹಾಕಿಸ್ತೀನಿ, ದೂರ, ಜವ, ಕಾಲ. ಎರಡು ಸಾಲು, ಮಾಮೂಲಿ ದಿನ ಒಂದು, ಮಳೆ ದಿನ ಒಂದು. ದೂರ ಎರಡರಲ್ಲೂ 120. ಜವ ಮೊದಲನೇದರಲ್ಲಿ ಜ, ಎರಡನೇದರಲ್ಲಿ ಜ − 10. (ಎಕ್ಸ್ ಬದಲು ಜ ಅಂತ ಇಡಿಸೋದು ಬೇಕಂತ್ಲೇ, ಎಕ್ಸ್ ಅಂದ್ರೆ ಅದೇನು ದೂರನಾ ಕಾಲನಾ ಅಂತ ಅರ್ಧ ಲೆಕ್ಕಕ್ಕೆ ಮರೆತು ಹೋಗಿರುತ್ತೆ.) ಮೂರನೇ ಕಂಬ ಯೋಚನೆನೇ ಇಲ್ದೆ ತುಂಬುತ್ತೆ, 120/ಜ ಮತ್ತೆ 120/(ಜ − 10). ಲೆಕ್ಕದಲ್ಲಿ ಬಳಸದೇ ಉಳಿದ ಮಾತು ಒಂದೇ, 1 ಗಂಟೆ ಲೇಟು. ಅದು ಯಾವ ಕಂಬಕ್ಕೆ ಸೇರಿದ್ದು ಅಂತ ಕೇಳಿ. ಕಾಲದ ಕಂಬಕ್ಕೆ. ಅಲ್ಲಿಗೆ ಸಮೀಕರಣ ತಾನೇ ಬಂತು:
120/(ಜ − 10) − 120/ಜ = 1
ಇಲ್ಲಿಂದ ಮುಂದೆ ನಿಮ್ಮ ಹುಡುಗನೇ ಹುಲಿ ಅಂತ ನೀವೇ ಹೇಳಿದ್ರಲ್ಲ.

ಮಡಿಕೇರಿ, ಗಾಳಿಬೀಡು ಕಡೆಯವ:
ಒಂದೇ ಮಾತು, ನಿಮಿಷ ನೋಡ್ಕೊಳ್ಳಿ. ನಂಗೆ ಪಿಯುಸಿ ತನಕ ಮಾರ್ಕ್ಸ್ ಹೋಗಿದ್ದೇ ಇದ್ರಲ್ಲಿ. 1 ಗಂಟೆ 20 ನಿಮಿಷ ಅಂದ್ರೆ 1.20 ಅಂತ ಬರೆಯೋದು. 40 ಕಿ.ಮೀ.ನ 1.2ರಿಂದ ಭಾಗಿಸಿ 33.33 ಅಂತ ಉತ್ತರ ತಂದು ಏನೋ ಪಾಯಿಂಟಲ್ಲಿ ಬಂತಲ್ಲ ಅಂತ ಮೂರು ಸಲ ತಿರುಗಿ ಮಾಡಿ ಮೂರು ಸಲನೂ ಅದೇ ಬರೋದು. 80 ನಿಮಿಷ, ಅಂದ್ರೆ ಗಂಟೆಲಿ 80/60, ಅಂದ್ರೆ 4/3. ಉತ್ತರ ನೀಟಾಗಿ 30.

ಪೊನ್ನಂಪೇಟೆ:
ನಾನು ಟ್ಯೂಷನ್ನೋರ ಮಾತಿಗೆ ಸ್ವಲ್ಪ ಬೇರೆ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಕಂಬ ಚೆನ್ನಾಗಿದೆ, ಆದ್ರೆ ಹೆದರಿಕೊಂಡಿರೋ ಹುಡುಗಂಗೆ ಕಂಬನೂ ಇನ್ನೊಂದು ಬಾಯಿಪಾಠ ಆಗೋಗುತ್ತೆ. ನನ್ನ ಮಗಳಿಗೆ ಹಾಗೇ ಆಯ್ತು, ಕಂಬ ಹಾಕೋಳು, ಖಾಲಿ ಬಿಟ್ಟು ಕೂರೋಳು. ಕೊನೆಗೆ ಕೆಲಸಕ್ಕೆ ಬಂದಿದ್ದು ಸುಮ್ನೆ ಗೆಸ್ ಮಾಡ್ಸಿದ್ದು. ಬಾಯಿಗೆ ಬಂದ ಒಂದು ಜವ ಹೇಳು ಅಂದೆ. 60 ಅಂದ್ಳು. ಸರಿ, ನಿಮ್ಮ ಲೆಕ್ಕದಲ್ಲೇ ನೋಡಿ, 60ರಲ್ಲಿ ಹೋದ್ರೆ 120 ಕಿ.ಮೀ.ಗೆ 2 ಗಂಟೆ, ಮಳೇಲಿ 50, ಆಗ 2.4 ಗಂಟೆ, ಅಂದ್ರೆ 24 ನಿಮಿಷ ಲೇಟು. ನಮಗೆ ಬೇಕಿರೋದು 60 ನಿಮಿಷ ಲೇಟು. ಹಾಗಾದ್ರೆ ಬಸ್ಸು ಇನ್ನೂ ನಿಧಾನದ್ದು. 30 ಇಟ್ಟು ನೋಡು: 4 ಗಂಟೆ, ಮಳೇಲಿ 20ರಲ್ಲಿ 6 ಗಂಟೆ, 2 ಗಂಟೆ ಲೇಟು, ಅತಿಯಾಯ್ತು. ಮಧ್ಯದಲ್ಲೆಲ್ಲೋ ಇದೆ.

ಇಷ್ಟು ಮಾಡೋಷ್ಟರಲ್ಲಿ ಕೈ ಒಂದೇ ಕೆಲಸನ ಎರಡು ಸಲ ಮಾಡಿರುತ್ತೆ: 120ನ ಇದರಿಂದ ಭಾಗಿಸು, 10 ಕಮ್ಮಿ ಮಾಡಿ ಅದರಿಂದ ಭಾಗಿಸು, ಎರಡರ ವ್ಯತ್ಯಾಸ ನೋಡು. ಈಗ 60 ಇದ್ದ ಜಾಗದಲ್ಲಿ ಜ ಬರಿ ಅಂದೆ, ಬರೆದ್ಳು, ಬರೆದು ನನ್ನ ಮುಖ ನೋಡಿದ್ಳು, ಇಷ್ಟೇನಾ ಅನ್ನೋ ಥರ. ಇಷ್ಟೇ. ಸಮೀಕರಣ ಅಂದ್ರೆ ಗೆಸ್ ಮಾಡೋದನ್ನೇ ಅಕ್ಷರದಲ್ಲಿ ಬರೆಯೋದು ಅಂತ ನಂಗೂ ಅವತ್ತೇ ಸರಿಯಾಗಿ ಗೊತ್ತಾಗಿದ್ದು, ವಯಸ್ಸು ನಲವತ್ತಾದ್ಮೇಲೆ.

ಕುಶಾಲನಗರ:
ಗೆಸ್ ಮಾಡೋರು ಸರಾಸರಿ ಲೆಕ್ಕದಲ್ಲಿ ಹುಷಾರು. ಇಲ್ಲಿಂದ ಮಡಿಕೇರಿ 30 ಕಿ.ಮೀ. ಇಟ್ಕೊಳ್ಳಿ, ಹತ್ತೋವಾಗ ಲೋಡ್ ಲಾರಿ 20ರಲ್ಲಿ, ಖಾಲಿ ಮಾಡಿ ಇಳಿಯೋವಾಗ 30ರಲ್ಲಿ. ಸರಾಸರಿ ಜವ?

ಮಡಿಕೇರಿ, ಗಾಳಿಬೀಡು ಕಡೆಯವ:
25.

ಕುಶಾಲನಗರ:
ಬಿದ್ರಿ ನೋಡಿ 😀 ಹತ್ತಕ್ಕೆ ಒಂದೂವರೆ ಗಂಟೆ, ಇಳಿಯಕ್ಕೆ ಒಂದು, ಒಟ್ಟು 60 ಕಿ.ಮೀ.ಗೆ 2.5 ಗಂಟೆ, 24. ನಿಧಾನ ಹೋದ ಟೈಮೇ ಜಾಸ್ತಿ ಅಲ್ವಾ, ಸರಾಸರಿ ಅದರ ಕಡೆ ವಾಲುತ್ತೆ. ಎರಡು ಜವ ಕೂಡಿ ಎರಡರಿಂದ ಭಾಗಿಸಬೇಕಾದ್ರೆ ಎರಡರಲ್ಲೂ ಸಮ ದೂರ ಅಲ್ಲ, ಸಮ ಟೈಮ್ ಹೋಗಿರ್ಬೇಕು.

ನಿವೃತ್ತ ಮೇಷ್ಟ್ರು, ನಾಪೋಕ್ಲು ಕಡೆ:
ರೈಲಿನ ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ, ನಮ್ಮ ಜಿಲ್ಲೆಯ ಮಕ್ಕಳಿಗೆ ನಿಜವಾದ ಕಷ್ಟ ಅಲ್ಲೇ. ಕೊಡಗಲ್ಲಿ ರೈಲು ಹಳಿನೇ ಇಲ್ಲ, ರೈಲು ನೋಡ್ಬೇಕಂದ್ರೆ ಮೈಸೂರಿಗೋ ಮಂಗಳೂರಿಗೋ ಹೋಗ್ಬೇಕು, ಪುಸ್ತಕದಲ್ಲಿ ಮಾತ್ರ ಪುಟಕ್ಕೊಂದು ರೈಲು. ಹಳಿ ಪಕ್ಕದ ಕಂಬ ದಾಟಕ್ಕೆ ರೈಲಿನ ಉದ್ದ ಹೋಗ್ಬೇಕು, ಪ್ಲಾಟ್‌ಫಾರ್ಮ್ ದಾಟಕ್ಕೆ ರೈಲು ಪ್ಲಸ್ ಪ್ಲಾಟ್‌ಫಾರ್ಮ್ ಎರಡರ ಉದ್ದನೂ ಹೋಗ್ಬೇಕು ಅಂತ ಬೋರ್ಡಲ್ಲಿ ಎಷ್ಟು ಸಲ ಗೀಚಿದ್ರೂ ಹಿಂದಿನ ಬೆಂಚಿನವರು ಸುಮ್ನೆ ತಲೆ ಆಡಿಸೋರು. ಒಂದಿನ ಪ್ರಾರ್ಥನೆ ಮುಗಿದ್ಮೇಲೆ ಇಡೀ ಕ್ಲಾಸನ್ನ ಸಾಲಾಗಿ ನಿಲ್ಲಿಸಿದೆ, ಸಾಲಿನ ಉದ್ದ ಅಳೆದ್ವಿ, 30 ಮೀಟರ್ ಆಯ್ತು. ಸೆಕೆಂಡಿಗೆ ಸುಮಾರು 1 ಮೀಟರ್ ನಡೀರಿ ಅಂದೆ. ಗೇಟಿನ ಕಂಬ ದಾಟಕ್ಕೆ 30 ಸೆಕೆಂಡ್. ಆಮೇಲೆ 50 ಮೀಟರ್ ಕಾರಿಡಾರ್, ಮೊದಲನೇ ಹುಡುಗ ಒಳಗೆ ಕಾಲಿಟ್ಟಾಗಿಂದ ಕೊನೇ ಹುಡುಗ ಆಚೆ ಬರೋ ತನಕ 80 ಸೆಕೆಂಡ್ ಹತ್ರ ಹತ್ರ. 50 ಯಾಕಾಗ್ಲಿಲ್ಲ ಅಂತ ಅವರೇ ಜಗಳ ಆಡ್ಕೊಂಡ್ರು, ನಾನು ಬಾಯೇ ಬಿಡಲಿಲ್ಲ. ಆಮೇಲೆ ಗಂಟೆಗೆ 72 ಕಿ.ಮೀ. ರೈಲು, 5/18ರಿಂದ (1000 ಮೀಟರ್ ಬೈ 3600 ಸೆಕೆಂಡ್) ಗುಣಿಸಿ ಸೆಕೆಂಡಿಗೆ 20 ಮೀಟರ್, 200 ಮೀಟರ್ ಉದ್ದ, 300 ಮೀಟರ್ ಸೇತುವೆ, 25 ಸೆಕೆಂಡ್ ಅಂತ ಹಿಂದಿನ ಬೆಂಚಿಂದ ಮೊದ್ಲು ಬಂತು.

ಇನ್ನೊಂದು, ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ, ಅದು 1150ರದ್ದು, ಒಂದು ನವಿಲಿನ ಲೆಕ್ಕ ಇದೆ. 9 ಮೊಳದ ಕಂಬದ ಮೇಲೆ ನವಿಲು, ಕಂಬದ ಬುಡದಲ್ಲಿ ಹಾವಿನ ಬಿಲ, 27 ಮೊಳ ದೂರದಿಂದ ಹಾವು ಬಿಲಕ್ಕೆ ಬರ್ತಿದೆ, ನವಿಲು ಓರೆಯಾಗಿ ಎರಗುತ್ತೆ, ಇಬ್ಬರ ವೇಗ ಸಮ, ಬಿಲದಿಂದ ಎಷ್ಟು ದೂರದಲ್ಲಿ ಹಿಡೀತು? ವೇಗ ಎಷ್ಟು ಅಂತ ಲೆಕ್ಕದಲ್ಲಿ ಹೇಳೇ ಇಲ್ಲ! ಟೈಮ್ ಸಮ, ವೇಗ ಸಮ, ಹಾಗಾದ್ರೆ ಹೋದ ದೂರ ಸಮ, ಇಬ್ಬರೂ 15 ಮೊಳ, ಹಿಡಿದಿದ್ದು ಬಿಲದಿಂದ 12 ಮೊಳಕ್ಕೆ. ಪೈಥಾಗೊರಸ್ ಹಾಕಿ ನೋಡಿ. ನಾನು ಮಕ್ಕಳಿಗೆ ಕೇಳ್ತಿದ್ದಿದ್ದು ಇದೊಂದೇ, ಇದ್ರಲ್ಲಿ ಯಾವುದಪ್ಪ ಸಮ? ಅದು ಸಿಕ್ಕಿದ್ರೆ ಸಮ ಚಿಹ್ನೆ ಎಲ್ಲಿ ಹಾಕ್ಬೇಕು ಅಂತ ಸಿಕ್ಕ ಹಾಗೆ.

ಕುಶಾಲನಗರ:
ಮೇಷ್ಟ್ರೇ ದೋಣಿದು ನಾನು ಹೇಳ್ತೀನಿ. ಹೊಳೆ ಜೊತೆ 12 ಕಿ.ಮೀ.ಗೆ 2 ಗಂಟೆ, ಎದುರಿಗೆ ಅಷ್ಟೇ ದೂರಕ್ಕೆ 3 ಗಂಟೆ. ಜೊತೆ 6, ಎದುರು 4, ಕೂಡಿ ಅರ್ಧ ಮಾಡಿದ್ರೆ ದೋಣಿದು 5, ಕಳೆದು ಅರ್ಧ ಮಾಡಿದ್ರೆ ನೀರಿಂದು 1. ಮಕ್ಕಳು ಇದನ್ನ ನಂಬಲ್ಲ, ಯಾಕಂದ್ರೆ ದುಬಾರೆಲಿ ರಾಫ್ಟಿಂಗ್ ನೋಡಿರ್ತಾರೆ, ರಾಫ್ಟನ್ನ ಯಾರೂ ಎದುರಿಗೆ ಹುಟ್ಟು ಹಾಕ್ಕೊಂಡು ವಾಪಸ್ ಬರಲ್ಲ, ಗಾಡಿ ಮೇಲೆ ಹೇರ್ಕೊಂಡು ಬರ್ತಾರೆ.

ಸುಂಟಿಕೊಪ್ಪದ ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ಪೊನ್ನಂಪೇಟೆಯವರ ಗೆಸ್ ಮಾಡಿಸ್ದೆ, 50 ಅಂದ, 36 ನಿಮಿಷ ಬಂತು, 40 ಅಂದ, 3 ಗಂಟೆ, 4 ಗಂಟೆ, ಉತ್ತರನೇ ಸಿಕ್ಬಿಡ್ತು! ಆದ್ರೂ ಸಮೀಕರಣ ಬರಿ ಅಂದೆ, ಕಂಬ ಹಾಕಿ ಬರೆದ. ಜ² − 10ಜ − 1200 = 0, ಜ ಅಂದ್ರೆ 40 ಅಥವಾ −30. ಈಗ ಹೊಸ ಪ್ರಶ್ನೆ, ಈ −30 ಯಾಕೆ ಬಂತು, ಬಸ್ಸು ರಿವರ್ಸ್ ಹೋಯ್ತಾ ಅಂತ. ಏನ್ ಹೇಳ್ಲಿ?

ವಿರಾಜಪೇಟೆ ಟ್ಯೂಷನ್ನೋರು:
ಪರೀಕ್ಷೇಲಿ "ಜವ ಋಣ ಆಗಲ್ಲ, ಆದ್ದರಿಂದ 40" ಅಂತ ಒಂದು ಸಾಲು ಬರೆದ್ರೆ ಸಾಕು, ಆದ್ರೆ ಬರೀಲೇಬೇಕು, ಸುಮ್ನೆ ಹೊಡೆದು ಹಾಕಿದ್ರೆ ಆಗಲ್ಲ. ಅವನಿಗೆ ಮಜಾ ಬೇಕಿದ್ರೆ −30ಕ್ಕೆ 10 ಕಳೆಯಕ್ಕೆ ಹೇಳಿ. −40. ಅದೇ 30, ಅದೇ 40, ಜಾಗ ಮಾತ್ರ ಅದಲು ಬದಲು.

ಸುಂಟಿಕೊಪ್ಪದ ಅಮ್ಮ:
ತೋರಿಸ್ದೆ, ಅದನ್ನೇ ಹಿಡ್ಕೊಂಡ್ಬಿಟ್ಟ. ಈಗ ಅವನೇ ಒಂದು ಲೆಕ್ಕ ಮಾಡಿ ನಂಗೆ ಕೊಟ್ಟಿದ್ದಾನೆ: ಆನೆಕಾಡಲ್ಲಿ ಆನೆ ರೋಡಿಗೆ ಬಂದಿದೆ ಅಂತ ಕುಶಾಲನಗರ ಸ್ಟ್ಯಾಂಡಲ್ಲೇ ಬಸ್ಸನ್ನ 15 ನಿಮಿಷ ನಿಲ್ಲಿಸಿದ್ರು, ಆಮೇಲೆ ಡ್ರೈವರ್ ಮಾಮೂಲಿಗಿಂತ ಗಂಟೆಗೆ 10 ಕಿ.ಮೀ. ಜೋರಾಗಿ ಓಡಿಸಿ 30 ಕಿ.ಮೀ. ಟೈಮಿಗೆ ಸರಿಯಾಗಿ ಮಡಿಕೇರಿ ಮುಟ್ಟಿಸ್ದ, ಮಾಮೂಲಿ ಜವ ಎಷ್ಟು? ನಾನೇ ಕಂಬ ಹಾಕಿ ಮಾಡ್ದೆ, 15 ನಿಮಿಷನ 1/4 ಅಂತ್ಲೇ ಬರೆದೆ, ಇಲ್ಲೂ 1200 ಬಂತು, ಉತ್ತರ 30. ಕಳ್ಳ, ಅದೇ ನಂಬರ್ ತಿರುಗಿಸಿ ಮಾಡಿದ್ದಾನೆ.

ಮಡಿಕೇರಿ, ಗಾಳಿಬೀಡು ಕಡೆಯವ:
ಅಂದ್ರೆ ಆ ತಿರುವಲ್ಲಿ ನಿಲ್ಲಿಸ್ದೇ 40? ಯಾವ ಬಸ್ಸು ಅಂತ ಹೇಳಿ, ನಾನು ಅದಕ್ಕೆ ಹತ್ತಲ್ಲ.