ಪಿಎಸ್5ಗೂ ಪಿಸಿಗೂ ಸೇರಿ ಒಂದೇ ಸ್ಕ್ರೀನ್: 43 ಇಂಚು ಟಿವಿ ತಗೊಳ್ಲಾ, 27 ಇಂಚು ಮಾನಿಟರ್ ತಗೊಳ್ಲಾ?

ಶೆಟ್ಟಿಹಳ್ಳಿ_ಹುಡ್ಗ

ಎಲ್ರಿಗೂ ನಮಸ್ಕಾರ, ತುಮಕೂರು ಶೆಟ್ಟಿಹಳ್ಳಿಯವ್ನು ನಾನು. ಪಿಸಿ ಒಂದಿದೆ, ರೈಜೆನ್ 5 5600 ಪ್ರೊಸೆಸರ್ ಜೊತೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಈಗ ಪಿಎಸ್5 ಗೇಮ್ ಕನ್ಸೋಲ್ ಕೂಡ ಬಂತು, ಆದ್ರೆ ಎರಡಕ್ಕೂ ತಕ್ಕ ಸ್ಕ್ರೀನ್ ಇಲ್ಲ. ಪಿಸಿಗೆ ಯಾವ್ದೋ ಕಾಲದ 19 ಇಂಚು ಮಾನಿಟರ್, ಪಿಎಸ್5ನ ಹಾಲ್‌ನಲ್ಲಿರೋ 32 ಇಂಚು ಎಚ್‌ಡಿ ರೆಡಿ ಟಿವಿಗೆ ಹಾಕಿದೀನಿ. ಅದ್ರಲ್ಲಿ ಟ್ರಿಗರ್ ಒತ್ತಿ ಸ್ವಲ್ಪ ಹೊತ್ತಾದ್ಮೇಲೆ ಗುಂಡು ಹಾರಿದ ಹಾಗನ್ಸುತ್ತೆ, ಅದೂ ಅಲ್ದೆ ಸಂಜೆ ಏಳು ಗಂಟೆ ಆದ್ರೆ ಅಮ್ಮನ ಸೀರಿಯಲ್ ಶುರು, ಅಲ್ಲಿಗೆ ನನ್ ಆಟ ಬಂದ್.

ನನ್ ರೂಮ್ ಚಿಕ್ಕದು, 10ಕ್ಕೆ 11 ಅಡಿ. ಗೋಡೆಗೆ ಟೇಬಲ್ ಒತ್ಕೊಂಡಿದೆ, ಮಂಚದಿಂದ ಆ ಗೋಡೆಗೆ ಒಂದು ಏಳಡಿ ಇರ್ಬೋದು. ರಾತ್ರಿ ಎಸ್‌ಐಟಿ ಕಾಲೇಜ್ ಹಾಸ್ಟೆಲ್ ಹುಡುಗ್ರ ಜೊತೆ ವ್ಯಾಲೊರಂಟ್ ಅನ್ನೋ ಶೂಟಿಂಗ್ ಗೇಮ್ ಜಾಸ್ತಿ, ಒಬ್ನೇ ಇದ್ದಾಗ ಕಥೆ ಇರೋ ದೊಡ್ ಗೇಮ್‌ಗಳು, ಭಾನುವಾರ ಕಸಿನ್ಸ್ ಬಂದ್ರೆ ಫುಟ್‌ಬಾಲ್. ಬಜೆಟ್ 25 ಸಾವಿರ, ಎಳೆದ್ರೆ 28. ಎಂ.ಜಿ. ರೋಡ್ ಕಡೆ ಒಂದು ಅಂಗಡಿಯಲ್ಲಿ ಕೇಳ್ದೆ, 43 ಇಂಚು 4ಕೆ ಟಿವಿ ತಗೊಳ್ಳಿ, 120 ಮೋಷನ್ ಇದೆ ಅಂದ್ರು. ಫ್ರೆಂಡ್ ಒಬ್ಬ ಮಾನಿಟರ್ ಬಿಟ್ರೆ ಬೇರೆ ಮಾತೇ ಆಡ್ಬೇಡ ಅಂತಾನೆ. ಯಾರಾದ್ರು ಸರಿಯಾಗಿ ತಿಳಿಸ್ಕೊಡಿ.

ಪಿಸಿ_ಬಟವಾಡಿ

ಮೊದ್ಲು ದುಡ್ಡು ಖರ್ಚಾಗ್ದಿರೋ ಕೆಲ್ಸ ಹೇಳ್ತೀನಿ. ಆ ಹಾಲ್ ಟಿವಿ ರಿಮೋಟ್ ತಗೊಂಡು ಪಿಕ್ಚರ್ ಸೆಟಿಂಗ್ಸ್‌ನಲ್ಲಿ ಗೇಮ್ ಮೋಡ್ ಇದ್ಯಾ ನೋಡಿ, ಇದ್ರೆ ಆನ್ ಮಾಡಿ. ಟಿವಿ ಏನ್ ಮಾಡುತ್ತೆ ಅಂದ್ರೆ ಒಳಗ್ ಬಂದ ಒಂದೊಂದ್ ಫ್ರೇಮನ್ನೂ ಹಿಡ್ಕೊಂಡು ಶಾರ್ಪ್ ಮಾಡೋದು, ಬಣ್ಣ ಏರ್ಸೋದು, ನಡುವೆ ಇಲ್ದಿರೋ ಫ್ರೇಮ್ ಹುಟ್ಸೋದು ಅಂತ ಕೂತ್ಕೊಳ್ಳುತ್ತೆ, ಸಿನಿಮಾ ನೋಡೋವಾಗ ಇದು ಗೊತ್ತೇ ಆಗಲ್ಲ ಯಾಕಂದ್ರೆ ಶಬ್ದಾನೂ ಅಷ್ಟೇ ತಡ ಮಾಡಿ ಬಿಡುತ್ತೆ, ಆಟದಲ್ಲಿ ನಿಮ್ ಬೆರಳನ್ನ ಅದು ತಡ ಮಾಡಕ್ಕಾಗಲ್ವಲ್ಲ, ಅಲ್ಲೇ ಸಿಕ್ಕಿ ಬೀಳೋದು. ಗೇಮ್ ಮೋಡ್ ಇಲ್ದಿದ್ರೆ ಕೆಲವು ಟಿವಿಗಳಲ್ಲಿ ಈ ತಡ 100 ಮಿಲಿಸೆಕೆಂಡ್ ಆಚೆ ಹೋಗುತ್ತೆ, ಆನ್ ಮಾಡಿದ್ರೆ 10ರಿಂದ 20ಕ್ಕೆ ಇಳಿಯೋ ಟಿವಿಗಳೂ ಇದಾವೆ.

ಇನ್ನು ಆ "120 ಮೋಷನ್". ಅದು ರಿಫ್ರೆಶ್ ರೇಟ್ ಅಲ್ಲ (ಸ್ಕ್ರೀನ್ ಸೆಕೆಂಡಿಗೆ ಎಷ್ಟ್ ಸಲ ಚಿತ್ರ ಬದಲಾಯಿಸುತ್ತೆ ಅನ್ನೋ ಹರ್ಟ್ಜ್ ಲೆಕ್ಕಕ್ಕೆ ರಿಫ್ರೆಶ್ ರೇಟ್ ಅಂತಾರೆ). ಪ್ಯಾನಲ್ 60 ಹರ್ಟ್ಜೇ ಇರುತ್ತೆ, ಮಧ್ಯ ಫ್ರೇಮ್ ತುಂಬ್ಸೋದಕ್ಕೆ ಕಂಪನಿಯವ್ರು ಕೊಟ್ಕೊಂಡಿರೋ ಹೆಸ್ರು ಅಷ್ಟೇ, ಗೇಮ್ ಮೋಡ್ ಹಾಕಿದ ತಕ್ಷಣ ಸಾಮಾನ್ಯವಾಗಿ ಅದೂ ಆಫ್ ಆಗುತ್ತೆ. ನಿಮ್ ಬಜೆಟ್‌ನಲ್ಲಿ ಸಿಗೋ 43 ಇಂಚು 4ಕೆ ಟಿವಿಗಳು ಹೆಚ್ಚುಕಮ್ಮಿ ಎಲ್ಲಾ 60 ಹರ್ಟ್ಜ್.

60 ಹರ್ಟ್ಜ್‌ನಲ್ಲಿ ಹೊಸ ಫ್ರೇಮ್ ಬರೋದು 16.7 ಮಿಲಿಸೆಕೆಂಡ್‌ಗೆ ಒಂದ್ಸಲ, 144ರಲ್ಲಿ 6.9ಕ್ಕೆ ಒಂದ್ಸಲ. ವ್ಯಾಲೊರಂಟ್ ಹಗುರದ ಗೇಮು, 3060 ಇದ್ರೆ 144 ದಾಟೋದು ಕಷ್ಟಾನೇ ಅಲ್ಲ. ಮೂಲೆಯಿಂದ ಯಾರಾದ್ರು ಇಣುಕಿದಾಗ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಜೊತೆಗೆ ಇನ್ನೊಂದು ಲೆಕ್ಕ: 4ಕೆ ಅಂದ್ರೆ ಸುಮಾರು 83 ಲಕ್ಷ ಪಿಕ್ಸೆಲ್, 1440ಪಿ ಅಂದ್ರೆ 37 ಲಕ್ಷ. ಎರಡೂಕಾಲು ಪಟ್ಟು ಕೆಲ್ಸನ 3060 ಮೇಲೆ ಹೇರಿದ್ರೆ ದೊಡ್ ಗೇಮ್‌ಗಳಲ್ಲಿ ಸುಸ್ತಾಗಿ ಹೋಗುತ್ತೆ ಪಾಪ. 27 ಇಂಚು, 1440ಪಿ, ಐಪಿಎಸ್ ಬಗೆಯ ಪ್ಯಾನಲ್, 144 ಅಥ್ವಾ 180 ಹರ್ಟ್ಜ್. ನನ್ ಓಟು ಇದಕ್ಕೆ. 27 ಇಂಚಲ್ಲಿ 1080ಪಿ ಮಾತ್ರ ಬೇಡ, ಟೇಬಲ್ ದೂರದಲ್ಲಿ ಅಕ್ಷರ ಎಲ್ಲಾ ದಪ್ಪ ದಪ್ಪ ಕಾಣುತ್ತೆ. 1080ಪಿ ಬೇಕಂದ್ರೆ 24 ಇಂಚಿಗೇ ನಿಲ್ಸಿ.

ಕ್ಯಾತ್ಸಂದ್ರ_ಆಟಗಾರ

ಬಟವಾಡಿಯವ್ರು ಹೇಳಿದ್ದು ಶೂಟಿಂಗ್ ಗೇಮ್‌ಗೆ ಒಪ್ಪೋಣ ಗುರು, ಆದ್ರೆ ಎಲ್ಲಾ ಅದೊಂದೇ ಗೇಮ್ ಇಟ್ಕೊಂಡು ಅಳೀಬಾರ್ದು. ಕಂಟ್ರೋಲರ್ ಹಿಡ್ಕೊಂಡು ಮಂಚದ್ಮೇಲೆ ಒರಗಿ ಆಡೋ ಸುಖಾನೇ ಬೇರೆ. ಏಳಡಿ ದೂರದಿಂದ 27 ಇಂಚು ನೋಡಿ, ಸಬ್‌ಟೈಟಲ್ ಓದಕ್ಕೆ ಕತ್ತು ಮುಂದೆ ಚಾಚ್ಬೇಕು, ಗೇಮ್ ಒಳಗಿನ ಮ್ಯಾಪ್ ಅಂತೂ ಕೇಳ್ಲೇಬೇಡಿ. ನಾಲ್ಕು ಜನ ಕೂತು ಫುಟ್‌ಬಾಲ್ ಆಡೋವಾಗ ಪಕ್ಕದಲ್ಲಿ ಕೂತವ್ನಿಗೆ ಬಾಲ್ ಎಲ್ಲಿದೆ ಅಂತಾನೇ ಕಾಣಲ್ಲ. ನಮ್ಮನೇಲಿ 43 ಇಂಚು 60 ಹರ್ಟ್ಜ್ ಟಿವಿನೇ ಇರೋದು, ಗೇಮ್ ಮೋಡ್‌ನಲ್ಲಿ ಕಥೆ ಗೇಮ್‌ಗಳು ಬೆಣ್ಣೆ ಥರ ಓಡ್ತವೆ. ಪಿಎಸ್5ನಲ್ಲಿ ಬಹಳಷ್ಟು ಗೇಮ್ ಓಡೋದು 30 ಇಲ್ಲ 60 ಫ್ರೇಮಲ್ಲೇ, 120 ಮೋಡ್ ಇರೋವು ಕಮ್ಮಿ. ಪಿಸಿಯಲ್ಲೂ ಎಲ್ಡನ್ ರಿಂಗ್ ಥರದ್ದು 60ಕ್ಕೇ ಬೀಗ ಹಾಕಿದಾರೆ, ಅಲ್ಲಿ 180 ಹರ್ಟ್ಜ್ ಇಟ್ಕೊಂಡು ಏನ್ ಮಾಡ್ತೀರ?

ಸೌಂಡ್ ಬಗ್ಗೆನೂ ಯೋಚ್ನೆ ಮಾಡಿ. ಎಷ್ಟೋ ಮಾನಿಟರ್‌ಗಳಲ್ಲಿ ಸ್ಪೀಕರ್ರೇ ಇರಲ್ಲ, ಇದ್ರೂ ಹೆಸರಿಗೆ ಮಾತ್ರ. ಸ್ಪೀಕರೋ ಹೆಡ್‌ಫೋನೋ ಅಂತ ಮೇಲೆ ಖರ್ಚು ಬರುತ್ತೆ.

ರೇಟ್ ವಿಷ್ಯ: 2025 ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಹಳೇ ರೇಟ್ ಚೀಟಿ ತೋರ್ಸಿದ್ರೆ ಒಪ್ಕೋಬೇಡಿ. 27 ಇಂಚು ಮಾನಿಟರ್‌ಗೆ ಅದಕ್ಕೂ ಮುಂಚೆನೇ 18 ಇತ್ತು, ಅಲ್ಲೇನೂ ಬದಲಾವಣೆ ಇಲ್ಲ.

ಗುಬ್ಬಿಗೇಟ್_ಅಕ್ಕ

ಇಬ್ರೂ ಹೇಳಿದ್ದು ಸರಿನೇ, ಆದ್ರೆ ಒಂದು ವಿಷ್ಯ ಯಾರೂ ಗಮನಿಸ್ಲಿಲ್ಲ. ಇವ್ರ ಮನೇಲಿ ಆಗ್ಲೇ ಒಂದು ಟಿವಿ ಇದೆ! ಕಸಿನ್ಸ್ ಬರೋದು ಭಾನುವಾರ, ಅವತ್ತು ಪಿಎಸ್5 ಎತ್ಕೊಂಡು ಹಾಲ್‌ಗೆ ಹೋದ್ರೆ ಆಯ್ತು, ಕೇಬಲ್ ಎರಡು ತಾನೆ ಕೀಳೋದು. ದಿನಾ ರಾತ್ರಿ ಮೂರು ಗಂಟೆ ಹೊತ್ತು ಕೂರೋದು ಟೇಬಲ್ ಮುಂದೆ, ದುಡ್ಡು ಅಲ್ಲಿಗೆ ಹಾಕ್ಬೇಕು. ಒಂದೂಮುಕ್ಕಾಲು ಎರಡಡಿ ದೂರದಲ್ಲಿ 43 ಇಂಚು ಇಟ್ಕೊಂಡ್ರೆ ಮೂಲೆಯಲ್ಲಿರೋ ಮಿನಿಮ್ಯಾಪ್ ನೋಡಕ್ಕೆ ತಲೆನೇ ತಿರುಗಿಸ್ಬೇಕು, ಅದನ್ನ ದಿನಾ ಮಾಡಿದ್ರೆ ಕತ್ತು ಹಿಡಿಯುತ್ತೆ.

ಪಿಎಸ್5 1440ಪಿ ಮಾನಿಟರ್‌ಗೆ ಹೊಂದಲ್ಲ ಅಂತ ಈಗ್ಲೂ ಕೆಲವ್ರು ಹೇಳ್ತಾರೆ, ಅದು ಹಳೇ ಮಾತು. 2022ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲೇ 1440ಪಿ ಔಟ್‌ಪುಟ್ ಕೊಟ್ರು. ವಿಆರ್‌ಆರ್ (ಗೇಮ್ ಫ್ರೇಮ್ ಕೊಡೋ ವೇಗಕ್ಕೆ ತಕ್ಕಂಗೆ ಸ್ಕ್ರೀನ್ ತನ್ನ ರಿಫ್ರೆಶ್ ರೇಟ್ ಬದಲಾಯಿಸ್ಕೊಳ್ಳೋದು) ಒಂದೇ ತಕರಾರು, ಪಿಎಸ್5ಗೆ ಅದು ಸಿಗ್ಬೇಕಂದ್ರೆ ಮಾನಿಟರ್‌ನಲ್ಲಿ ಎಚ್‌ಡಿಎಂಐ 2.1 ಬೇಕು. ಇಲ್ಲಿ ಹುಷಾರು. ಹಳೇ 2.0ನ ಎಲ್ಲಾ 2.1 ಒಳಗೇ ಸೇರ್ಸಿಬಿಟ್ಟಿರೋದ್ರಿಂದ ಸೆಕೆಂಡಿಗೆ 18 ಗಿಗಾಬಿಟ್ ಸಾಗ್ಸೋ ಪೋರ್ಟಿಗೂ 2.1 ಅಂತ ಬರೀಬೋದು, ಪೂರ್ತಿ 2.1 ಅಂದ್ರೆ 48 ಗಿಗಾಬಿಟ್ ವರೆಗೂ ಹೋಗುತ್ತೆ. ಡಬ್ಬದ ಮೇಲಿನ ನಂಬರ್ ಬಿಟ್ಟು, ಸ್ಪೆಕ್ ಶೀಟ್‌ನಲ್ಲಿ "ಎಚ್‌ಡಿಎಂಐನಲ್ಲಿ ಎಷ್ಟು ಹರ್ಟ್ಜ್, ವಿಆರ್‌ಆರ್ ಇದ್ಯಾ" ಅಂತ ನೋಡಿ. ಬರೀ ಡಿಸ್‌ಪ್ಲೇಪೋರ್ಟಲ್ಲಿ 180 ಕೊಟ್ಟು ಎಚ್‌ಡಿಎಂಐನಲ್ಲಿ 144ಕ್ಕೆ ನಿಲ್ಸಿರೋ ಮಾನಿಟರ್ ಎಷ್ಟೋ ಇವೆ, ಅದೇನ್ ತೊಂದ್ರೆ ಇಲ್ಲ, ಪಿಎಸ್5 ಹೇಗೂ 120 ದಾಟಲ್ಲ.

ಐಪಿಎಸ್ ಅಂತ ಎಲ್ರೂ ಹೇಳ್ತಾರೆ, ಆದ್ರೆ ಲೈಟ್ ಆಫ್ ಮಾಡಿ ರಾತ್ರಿ ಆಡೋರು ಇನ್ನೊಂದು ಬಗೆಯ ವಿಎ ಪ್ಯಾನಲ್ಲನ್ನೂ ಒಂದ್ಸಲ ನೋಡ್ಬೇಕು. ಐಪಿಎಸ್‌ನಲ್ಲಿ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅನುಪಾತ) 1000ಕ್ಕೆ 1ರ ಆಸುಪಾಸು, ವಿಎನಲ್ಲಿ 3000ಕ್ಕೆ 1. ಕತ್ತಲ ರೂಮಲ್ಲಿ ಐಪಿಎಸ್ ಕಪ್ಪು ಬೂದಿ ಬೂದಿಯಾಗಿ ಕಾಣುತ್ತೆ.

ಆಮೇಲೆ ಕರೆಂಟು! ಬೆಸ್ಕಾಂ ಕರೆಂಟ್ ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ನಿಮಗೆ ಹೇಳೋದೇ ಬೇಡ, ಮಳೆಗಾಲದಲ್ಲಂತೂ ರ್‍ಯಾಂಕ್ಡ್ ಮ್ಯಾಚ್ ಮಧ್ಯದಲ್ಲೇ ಹೋಗುತ್ತೆ. 3060 ಒಂದೇ 170 ವ್ಯಾಟ್, ಪ್ರೊಸೆಸರ್ 65, ಮಾನಿಟರ್ 30–40, ಮಿಕ್ಕಿದ್ದೆಲ್ಲಾ ಸೇರಿದ್ರೆ 300 ಮುಟ್ಟುತ್ತೆ. ಕರೆಂಟ್ ಹೋದಾಗ ಬ್ಯಾಟರಿಯಿಂದ ಓಡ್ಸೋ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಅಂತ ಕೊಡ್ತಾರಲ್ಲ, ಅದು ಸಾಮಾನ್ಯವಾಗಿ 360 ವ್ಯಾಟ್‌ಗೇ ಮುಗೀತು, ತುಂಬಾ ಬಿಗಿ. 1 ಕೆವಿಎ ಇದ್ರೆ ನೆಮ್ಮದಿ. ಬಜೆಟ್‌ನಲ್ಲಿ ಅದಕ್ಕೂ ಜಾಗ ಇಡಿ ದಯವಿಟ್ಟು, ಗೇಮ್ ಸೇವ್ ಆಗ್ತಿರೋವಾಗ ಕರೆಂಟ್ ಹೋದ್ರೆ ವಾರಗಟ್ಲೆ ಆಡಿದ್ದು ಹೋಗ್ಬಿಡ್ಬೋದು.

ಪಿಸಿ_ಬಟವಾಡಿ

ಅಕ್ಕ, ಟಿವಿ ಇರೋ ವಿಷ್ಯ ಸರಿಯಾಗಿ ಹಿಡಿದ್ರಿ. ವಿಎ ಬಗ್ಗೆ ಮಾತ್ರ ಒಂದು ಮಾತು, ಕಡಿಮೆ ಬೆಲೆ ವಿಎಗಳಲ್ಲಿ ಕಪ್ಪಿಂದ ಬೂದಿಗೆ ಪಿಕ್ಸೆಲ್ ಬದಲಾಗೋದು ನಿಧಾನ, ಕತ್ತಲೆ ಜಾಗದಲ್ಲಿ ಜೋರಾಗಿ ತಿರುಗಿದ್ರೆ ಹಿಂದೆ ಮಸಿ ಎಳೆದಂಗೆ ಕಾಣುತ್ತೆ. ಶೂಟಿಂಗ್ ಗೇಮ್ ಜಾಸ್ತಿ ಆಡೋರಿಗೆ ಅದು ಕಿರಿಕಿರಿ. ಇವ್ರಿಗೆ ಐಪಿಎಸ್ಸೇ ಇರ್ಲಿ, ಹಿಂದ್ಗಡೆ ಗೋಡೆಗೆ ಒಂದು ಚಿಕ್ಕ ಲೈಟ್ ಹಾಕ್ಕೊಂಡ್ರೆ ಆ ಬೂದಿ ಕಪ್ಪು ಅಷ್ಟಾಗಿ ಗೊತ್ತಾಗಲ್ಲ.

"ಎಚ್‌ಡಿಆರ್ 400" ಅಂತ ಸ್ಟಿಕ್ಕರ್ ಇದ್ರೆ ಅದಕ್ಕಂತ ಒಂದ್ ರೂಪಾಯಿನೂ ಜಾಸ್ತಿ ಕೊಡ್ಬೇಡಿ. ಎಚ್‌ಡಿಆರ್ ಅಂದ್ರೆ ಬೆಳಕು ಕತ್ತಲೆ ಎರಡನ್ನೂ ಹೆಚ್ಚು ಚೆನ್ನಾಗಿ ತೋರ್ಸೋದು, ಆದ್ರೆ ಆ ಲೆವೆಲ್‌ಗೆ ಲೋಕಲ್ ಡಿಮ್ಮಿಂಗ್ (ಸ್ಕ್ರೀನ್‌ನ ಬೇರೆ ಬೇರೆ ಭಾಗದ ಬೆಳಕನ್ನ ಬೇರೆ ಬೇರೆಯಾಗಿ ಕಮ್ಮಿ ಮಾಡೋದು) ಇರ್ಲೇಬೇಕು ಅಂತೇನಿಲ್ಲ, ಅಂಥಾ ಸ್ಕ್ರೀನಲ್ಲಿ ಬೆಳಕಿನ ಪಕ್ಕ ಕಪ್ಪು ಕಪ್ಪಾಗಿ ಉಳಿಯಲ್ಲ, ಇಡೀ ಸ್ಕ್ರೀನೇ ಬಿಳಚಿಕೊಳ್ಳುತ್ತೆ. "1 ಎಂಎಸ್" ಅಂತ ಬರೆದಿರೋದೂ ಅಷ್ಟೇ, ಎಂಪಿಆರ್‌ಟಿನಾ (ಚಲಿಸೋ ಚಿತ್ರ ಕಣ್ಣಿಗೆ ಎಷ್ಟ್ ಹೊತ್ತು ಉಳಿಯುತ್ತೆ) ಜಿಟಿಜಿನಾ (ಪಿಕ್ಸೆಲ್ ಬಣ್ಣ ಬದಲಾಗೋಕೆ ಎಷ್ಟ್ ಹೊತ್ತು) ನೋಡಿ, ಎರಡೂ ಬೇರೆ ಬೇರೆ ಅಳತೆ.

ಶೆಟ್ಟಿಹಳ್ಳಿ_ಹುಡ್ಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಗೇಮ್ ಮೋಡ್ ಸಿಕ್ತು ಸಾರ್! ಎಚ್‌ಡಿಎಂಐ 1ಕ್ಕೆ ಹಾಕಿ ಆನ್ ಮಾಡಿದ್ರೆ 2ರಲ್ಲಿ ಆಫೇ ಇರುತ್ತೆ, ಪಿಎಸ್5 ಇರೋ ಪೋರ್ಟಲ್ಲೇ ಹೋಗಿ ಬೇರೆಯಾಗಿ ಆನ್ ಮಾಡ್ಬೇಕಾಯ್ತು. ಈಗ ಗುಂಡು ಬೆರಳಿನ ಜೊತೆಗೇ ಹಾರುತ್ತೆ, ತಮ್ಮ ಕೂಡ ಏನ್ ಮಾಡ್ದೆ ಅಂತ ಕೇಳ್ದ. ಅಮ್ಮನ ಸೀರಿಯಲ್ ಬರೋದು ಸೆಟ್‌ಟಾಪ್ ಬಾಕ್ಸ್ ಪೋರ್ಟಿಂದ, ಅದ್ರ ಬಣ್ಣ ಹಾಗೇ ಇದೆ, ಬೈಗುಳ ಇಲ್ಲ.

ಹಂಗಾದ್ರೆ 27 ಇಂಚು 1440ಪಿ ಐಪಿಎಸ್ಸೇ ಅಂತ ತೀರ್ಮಾನ. ಎರಡು ಪ್ರಶ್ನೆ ಉಳೀತು. ಆನ್‌ಲೈನಲ್ಲಿ ತಗೊಳ್ಲಾ, ಬೆಂಗ್ಳೂರು ಎಸ್‌ಪಿ ರೋಡ್‌ಗೆ ಹೋಗ್ಲಾ? ತಂದ್ಮೇಲೆ ಏನೇನ್ ಚೆಕ್ ಮಾಡ್ಬೇಕು?

ಕ್ಯಾತ್ಸಂದ್ರ_ಆಟಗಾರ

ಹಾಲ್ ಟಿವಿ ಇದ್ಮೇಲೆ ನಂದೂ ಮಾನಿಟರ್‌ಗೇ ಓಟು. ಎಸ್‌ಪಿ ರೋಡ್‌ಗೆ ಹೋಗೋದಾದ್ರೆ ಭಾನುವಾರ ಹೋಗ್ಬೇಡಿ, ಬಹಳ ಅಂಗಡಿ ಬಾಗ್ಲು ಹಾಕಿರ್ತಾರೆ. ಬೆಳಗ್ಗೆ ರೈಲಿಗೆ ಮೆಜೆಸ್ಟಿಕ್ ಇಳಿದು ಹಸಿರು ಮೆಟ್ರೋದಲ್ಲಿ ಚಿಕ್ಕಪೇಟೆ, ಒಂದೇ ಸ್ಟಾಪು. ಆದ್ರೆ 27 ಇಂಚು ಡಬ್ಬ ಹೊತ್ಕೊಂಡು ಸಂಜೆ ರಶ್‌ನಲ್ಲಿ ರೈಲು ಹತ್ತೋದು ಬಲು ಕಷ್ಟ, ಜೊತೆಗೆ ಒಬ್ರನ್ನ ಕರ್ಕೊಂಡ್ ಹೋಗಿ. ಅಲ್ಲಿ ತಗೊಳ್ಳೋ ಲಾಭ ಏನಂದ್ರೆ ಅಂಗಡಿಯಲ್ಲೇ ಆನ್ ಮಾಡಿಸಿ ನೋಡ್ಬೋದು. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಬಿಲ್ ಇಲ್ದೆ ಐನೂರು ಕಮ್ಮಿ ಮಾಡ್ತೀವಿ ಅಂದ್ರೆ ಬೇಡ ಅನ್ನಿ, ವಾರಂಟಿ ಕೇಳೋವಾಗ ಅದೇ ಬೇಕು.

ಗುಬ್ಬಿಗೇಟ್_ಅಕ್ಕ

ಆನ್‌ಲೈನ್ ಆದ್ರೆ ಡಬ್ಬ ಬಿಚ್ಚೋದನ್ನ ಮೊದ್ಲಿಂದ ಕೊನೆವರೆಗೂ ವಿಡಿಯೋ ಮಾಡಿ, ರಿಟರ್ನ್ ಟೈಮ್ ಎಷ್ಟು ದಿನ ಅಂತ ಆರ್ಡರ್ ಮಾಡೋ ಮುಂಚೆನೇ ನೋಡ್ಕೊಳ್ಳಿ. ಆನ್ ಮಾಡಿದ್ಮೇಲೆ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಸ್ಕ್ರೀನ್ ಒಂದಾದ್ಮೇಲೊಂದು ಹಾಕಿ ಹತ್ತಿರದಿಂದ ನೋಡಿ, ಸತ್ತ ಪಿಕ್ಸೆಲ್ ಇದ್ರೆ ಚುಕ್ಕಿ ಹಾಗೆ ಎದ್ದು ಕಾಣುತ್ತೆ. ಕಪ್ಪು ಸ್ಕ್ರೀನ್ ಹಾಕಿದಾಗ ಲೈಟ್ ಆರಿಸಿ, ಮೂಲೆಗಳಿಂದ ಬೆಳಕು ಸೋರೋದು ಅವಾಗ್ಲೇ ಗೊತ್ತಾಗೋದು, ಐಪಿಎಸ್‌ನಲ್ಲಿ ಸ್ವಲ್ಪ ಇದ್ದೇ ಇರುತ್ತೆ, ಒಂದೇ ಮೂಲೆ ಹಳದಿಯಾಗಿ ಉರೀತಿದ್ರೆ ಬದಲಾಯಿಸ್ಕೊಳ್ಳಿ.

ಪಿಸಿನ ಡಿಸ್‌ಪ್ಲೇಪೋರ್ಟ್‌ಗೆ ಹಾಕಿ, ಎಚ್‌ಡಿಎಂಐ ಪಿಎಸ್5ಗೆ ಬಿಡಿ, ಮಾನಿಟರ್ ಬಟನ್ ಒತ್ತಿ ಇನ್‌ಪುಟ್ ಬದಲಾಯಿಸಿದ್ರೆ ಆಯ್ತು. ವಯರ್‌ನ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಆಮೇಲೆ ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟಿಂಗ್ಸ್, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ಹೋಗಿ ರಿಫ್ರೆಶ್ ರೇಟ್ ನೀವೇ 180ಕ್ಕೆ ಏರಿಸ್ಬೇಕು. 180 ಹರ್ಟ್ಜ್ ಮಾನಿಟರ್ ತಂದು ತಿಂಗಳುಗಟ್ಲೆ 60ರಲ್ಲೇ ಆಡೋ ಹುಡುಗ್ರು ನಮ್ಮೂರಲ್ಲೇ ಇದಾರೆ. ಪಿಎಸ್5ನಲ್ಲಿ ವಿಡಿಯೋ ಔಟ್‌ಪುಟ್ ಸೆಟಿಂಗ್ ಒಳಗೆ 1440ಪಿ ಟೆಸ್ಟ್ ಮಾಡೋ ಆಯ್ಕೆನೇ ಇದೆ, ಅದನ್ನ ಅಂಗಡಿಯಲ್ಲಿ ನೋಡಕ್ಕಾಗಲ್ಲ, ಮನೇಲಿ ಮೊದಲ ದಿನವೇ ನೋಡ್ಬಿಡಿ.