ನಮ್ಮತ್ತೆಯ ಅಪ್ಪ ಇಂಡಿಯಾಕ್ಕೆ ಬಂದಿದ್ದರಾ? ಹೇಗೆ ಪತ್ತೆ ಮಾಡುವುದು?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಊರು ಹಾಸನ, ಮದುವೆಯಾಗಿ ಅಮೆರಿಕದ ಜಾರ್ಜಿಯಾದಲ್ಲಿದ್ದೇನೆ. ನಮ್ಮ ಯಜಮಾನರದು ಇಲ್ಲಿನ ಆಫ್ರಿಕನ್ ಅಮೆರಿಕನ್ ಮನೆತನ. ನಮ್ಮತ್ತೆಯ ಅಪ್ಪ ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದರು. ಮನೆಯಲ್ಲಿ ಗೊತ್ತಿರುವುದು ಅಷ್ಟೇ. ಕೇಳಿದರೆ ಅತ್ತೆ, "ಅಪ್ಪ ಯುದ್ಧ ಎಲ್ಲಿ ಮಾಡಿದ, ಎಲ್ಲೋ ಗುದ್ದಲಿ ಹಿಡಿದಿದ್ದ" ಎಂದು ಮಾತು ಮುಗಿಸಿಬಿಡುತ್ತಾರೆ.

ಹೋದ ತಿಂಗಳು ಅವರ ಅಟ್ಟ ಖಾಲಿ ಮಾಡುವಾಗ ಹಳೇ ಬಿಸ್ಕೆಟ್ ಡಬ್ಬ ಸಿಕ್ಕಿತು. ಮೇಲೆ ಗುಂಡಿ, ದಾರದುಂಡೆ. ಅಡಿಯಲ್ಲಿ ಭುಜಕ್ಕೆ ಹೊಲಿಯುವ ಬಟ್ಟೆಯ ಬಿಲ್ಲೆ. ಗುರಾಣಿ ಆಕಾರ. ಕೆಳಗೆ ಕೆಂಪು ಬಿಳಿ ಪಟ್ಟೆ, ಮೇಲೆ ನೀಲಿ, ಅದರಲ್ಲಿ ಒಂದು ಸೂರ್ಯ, ಒಂದು ನಕ್ಷತ್ರ. ಜೊತೆಗೆ ಕಪ್ಪಗಾದ ಒಂದು ನಾಣ್ಯ. ಎಲ್ಲರೂ ಯಾವುದೋ ಟೋಕನ್ ಅಂದುಕೊಂಡಿದ್ದರು. ನಾನು ಉಜ್ಜಿ ನೋಡಿದರೆ ಆರನೇ ಜಾರ್ಜ್ ತಲೆ, ಹಿಂದೆ ಒಂದು ರೂಪಾಯಿ, 1943! ನಮ್ಮಜ್ಜಿ ಟ್ರಂಕಿನಲ್ಲಿ ಇಟ್ಟಿದ್ದಂಥದ್ದೇ.

ಸೇಂಟ್ ಲೂಯಿಸ್‌ನಲ್ಲಿರುವ ಸೈನಿಕರ ದಾಖಲೆ ಕಚೇರಿಗೆ ಬರೆದೆವು. ಕಡತ 1973ರ ಬೆಂಕಿಯಲ್ಲಿ ಹೋಗಿರಬೇಕು ಎಂದು ಉತ್ತರ ಬಂತು. ಬೇರೆ ದಾರಿ ಇದೆಯಾ?

ಹಳೇಕಾಗದ:
ಅಕ್ಕಾ, ಬಿಲ್ಲೆ ಸಿಬಿಐದು. ರೇಡ್ ಮಾಡುವ ಸಿಬಿಐ ಅಲ್ಲ, ಚೀನಾ-ಬರ್ಮಾ-ಇಂಡಿಯಾ ರಣರಂಗ! ಸೂರ್ಯ ಚೀನಾದ್ದು, ನಕ್ಷತ್ರ ಇಂಡಿಯಾದ್ದು.

ಬೆಂಕಿ ವಿಷಯ ನಿಜ. 1973ರ ಜುಲೈ 12. 1.6ರಿಂದ 1.8 ಕೋಟಿ ಕಡತ ಹೋದವು. 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ ಎಂಬತ್ತು. ನಕಲು ತೆಗೆದಿಟ್ಟಿರಲಿಲ್ಲ. ಆದರೆ ಯುದ್ಧ ಮುಗಿಸಿ ಬಂದ ಎಷ್ಟೋ ಜನ ಡಿಸ್ಚಾರ್ಜ್ ಕಾಗದವನ್ನು ತಮ್ಮ ಕೌಂಟಿ ಕೋರ್ಟಿನಲ್ಲಿ ನೋಂದಾಯಿಸಿದ್ದರು, ಕಳೆದುಹೋದರೆ ಇರಲಿ ಅಂತ. ಮೊದಲು ಅಲ್ಲಿ ಕೇಳಿ. ಯಾವ ದಳ, ಏನು ಕೆಲಸ, ಯಾವತ್ತು ಸಮುದ್ರ ದಾಟಿದರು, ಎಲ್ಲ ಒಂದೇ ಹಾಳೆಯಲ್ಲಿರುತ್ತೆ. ಸೇಂಟ್ ಲೂಯಿಸ್‌ಗೂ ಮತ್ತೆ ಬರೆದು ಈ ಸಲ ಕೊನೆಯ ಸಂಬಳದ ಚೀಟಿ ಕೇಳಿ.

ನಿವೃತ್ತ ಸ್ಯಾಪರ್:
ನಿಮ್ಮತ್ತೆಗೆ ಹೇಳಮ್ಮಾ, ಗುದ್ದಲಿ ಅಂದರೆ ಸಣ್ಣ ಮಾತಲ್ಲ. ಅಸ್ಸಾಮಿನ ಲೇಡೋದಿಂದ ಬರ್ಮಾ ಕಾಡು ಸೀಳಿ ಚೀನಾಕ್ಕೆ ರಸ್ತೆ ಹಾಕಿದ ಅಮೆರಿಕನ್ ಸೈನಿಕರು ಸುಮಾರು 15,000. ಅದರಲ್ಲಿ ನೂರಕ್ಕೆ ಅರವತ್ತು ಕಪ್ಪು ಜನ. ಆಗ ಅವರಿಗೆ ಪಡೆಗಳೇ ಬೇರೆ. ಜಾಸ್ತಿ ಜನರನ್ನು ಹಾಕುತ್ತಿದ್ದದ್ದು ರಸ್ತೆ, ಲಾರಿ, ಬಂದರಿನ ಕೆಲಸಕ್ಕೆ. 45ನೇ ಎಂಜಿನಿಯರ್ ರೆಜಿಮೆಂಟ್, 823ನೇ ಏವಿಯೇಷನ್ ಎಂಜಿನಿಯರ್ ಬೆಟಾಲಿಯನ್ 1942ರ ಕೊನೆಯಲ್ಲೇ ಅಲ್ಲಿ ಕೆಲಸ ಶುರುಮಾಡಿದ್ದವು. ಮಳೆ, ಮಲೇರಿಯಾ, ಗುಡ್ಡ ಕುಸಿತ. ಸತ್ತ ಅಮೆರಿಕನ್ನರೇ 1,100ರ ಹತ್ತಿರ. ಮೊದಲ ಲಾರಿ ಸಾಲು ಚೀನಾದ ಕುನ್ಮಿಂಗ್ ಮುಟ್ಟಿದ್ದು 1945ರ ಫೆಬ್ರವರಿ 4ಕ್ಕೆ. ಬರ್ಮಾ ಗಡಿಯ ಪಾಂಗ್ಸೌ ಕಣಿವೆಯ ಈಚೆಗೆ ನಾನೂ ಡ್ಯೂಟಿ ಮಾಡಿದ್ದೇನೆ. ಮಲೆನಾಡಿನವನು, ರಕ್ತ ಹೀರುವ ಇಂಬಳ ಹೊಸದಲ್ಲ. ಆದರೆ ಅಲ್ಲಿ ಬೂಟು ಬಿಚ್ಚಿದರೆ ಕಾಲುಚೀಲ ಒದ್ದೆ ಆಗಿರುವುದು ನೀರಿನಿಂದಲೋ ರಕ್ತದಿಂದಲೋ ಗೊತ್ತಾಗುತ್ತಿರಲಿಲ್ಲ.

ಅನುಮಾನಪ್ಪ:
ಒಂದು ರೂಪಾಯಿ ಸಿಕ್ಕ ಮಾತ್ರಕ್ಕೆ ಲೇಡೋ ಅಂದರೆ ಹೇಗೆ ಸಾರ್? ಕಲ್ಕತ್ತಾ ಬಂದರಿನಲ್ಲಿ ಹಡಗಿನ ಸರಕು ಇಳಿಸುತ್ತಿದ್ದವರಲ್ಲೂ ಕಪ್ಪು ಸೈನಿಕರಿದ್ದರು. ಕಾಗದ ಬರಲಿ.

ಹಾಸನದವಳು:
ಕಾಗದ ಬಂತು! ಕೌಂಟಿ ಕೋರ್ಟಿನ ಹಳೇ ರಿಜಿಸ್ಟರಿನಲ್ಲೇ ಇತ್ತು. 45ನೇ ಎಂಜಿನಿಯರ್ ರೆಜಿಮೆಂಟ್. 'ನೀಗ್ರೋ' ಅಂತ ಇರುವ ಚೌಕದಲ್ಲಿ ಒಂದು ಗುರುತು. ಕೆಲಸ ಅನ್ನುವ ಕಡೆ ಬುಲ್ಡೋಜರ್ ಆಪರೇಟರ್. ಅತ್ತೆ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ ಟೀ ಸೊಪ್ಪನ್ನು ಹಾಲಲ್ಲಿ ಕುದಿಸುತ್ತಿದ್ದ. ಇದ್ಯಾವ ಹುಚ್ಚು ಅಂತ ನಾವೆಲ್ಲ ನಗ್ತಿದ್ವಿ" ಅಂದರು.

ಸ್ಯಾಪರ್ ಸಾರ್, ಆ ರಸ್ತೆಯಲ್ಲಿ ಈಗ ಎಲ್ಲಿಯವರೆಗೆ ಹೋಗಲು ಬಿಡುತ್ತಾರೆ? ಅತ್ತೆಗೆ ಎಪ್ಪತ್ತೆಂಟು, ಮಂಡಿನೋವು ಬೇರೆ. ಡಿಸೆಂಬರ್‌ಗೆ ಟಿಕೆಟ್ ನೋಡುತ್ತಿದ್ದೇವೆ.