ಬಡತನ ಕಡಿಮೆಯಿರುವ ಜಿಲ್ಲೆಗಳ ಹೋಲಿಕೆ: ಸೊನ್ನೆ ಎಂದರೆ ಸೊನ್ನೆಯೇ?

ಪ್ರಶ್ನೆ:
ಅರ್ಥಶಾಸ್ತ್ರದ ಕಿರುಪ್ರಬಂಧಕ್ಕಾಗಿ ದಕ್ಷಿಣ ಕನ್ನಡ, ಉಡುಪಿ, ಕೊಡಗು ಮತ್ತು ಕೇರಳದ ಕೊಟ್ಟಾಯಂ ಜಿಲ್ಲೆಗಳನ್ನು ಹೋಲಿಸುತ್ತಿದ್ದೇನೆ. ನೀತಿ ಆಯೋಗದ 2021ರ ಬಹುಆಯಾಮದ ಬಡತನ ಸೂಚ್ಯಂಕದಲ್ಲಿ ಕೊಟ್ಟಾಯಂನ ಬಡವರ ಪ್ರಮಾಣ ಸೊನ್ನೆ ಎಂದಿದೆ. ಅಲ್ಲಿ ಬಡವರೇ ಇಲ್ಲವೆಂದು ಬರೆಯಬಹುದೇ? ಉಳಿದ ಜಿಲ್ಲೆಗಳಿಗೆ ದಶಾಂಶ ನೋಡಿ ಕ್ರಮಾಂಕ ಕೊಡಬಹುದೇ?

ಉತ್ತರ 1:
ಎರಡೂ ಬೇಡ. ಆ ವರದಿಗೆ ಆಧಾರವಾದ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 640 ಜಿಲ್ಲೆಗಳಲ್ಲಿ ಸುಮಾರು ಆರು ಲಕ್ಷ ಮನೆಗಳನ್ನು ತಲುಪಿತ್ತು, ಅಂದರೆ ಜಿಲ್ಲೆಗೆ ಸರಾಸರಿ ಸಾವಿರಕ್ಕೂ ಕಡಿಮೆ ಮನೆಗಳು. ಅಷ್ಟು ಸಣ್ಣ ಮಾದರಿಯಲ್ಲಿ ಸೊನ್ನೆ ಬಂದರೆ ಬಡವರು ಸಿಗಲಿಲ್ಲವೆಂದಷ್ಟೇ ಅರ್ಥ; ದಶಾಂಶಗಳ ಸಣ್ಣ ವ್ಯತ್ಯಾಸವನ್ನು ನಂಬಿ ಕ್ರಮಾಂಕ ಕೊಡಲೂ ಅದು ಸಾಲದು. ಇಡೀ ಕೇರಳದ ಪ್ರಮಾಣವನ್ನು ಅದೇ ವರದಿ ಶೇ. 0.7ರ ಆಸುಪಾಸಿನಲ್ಲಿಟ್ಟಿದ್ದರೂ, ಆ ರಾಜ್ಯ ಸರ್ಕಾರವೇ ಬಳಿಕ ತನ್ನದೇ ಮಾನದಂಡದಿಂದ ಹುಡುಕಿದಾಗ 64,006 ಕಡುಬಡ ಕುಟುಂಬಗಳು ಪತ್ತೆಯಾದವು.

ಉತ್ತರ 2:
ಅಳತೆಗೋಲಿನ ಒಳಗನ್ನೂ ನೋಡಿ. ಈ ಸೂಚ್ಯಂಕದ ಹನ್ನೆರಡು ಸೂಚಕಗಳಲ್ಲಿ ಆದಾಯವಿಲ್ಲ. ಆರೋಗ್ಯ, ಶಿಕ್ಷಣ, ಜೀವನಮಟ್ಟಗಳಿಗೆ ತಲಾ ಮೂರನೇ ಒಂದು ತೂಕವಿದ್ದು, ಜೀವನಮಟ್ಟದ ಪಾಲು ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ವಸತಿ, ಆಸ್ತಿ, ಬ್ಯಾಂಕ್ ಖಾತೆ ಎಂಬ ಏಳಕ್ಕೆ ಹಂಚಿಹೋಗುತ್ತದೆ. ಒಟ್ಟು ಕೊರತೆ ಮೂರನೇ ಒಂದರಷ್ಟಾದರೆ ಮಾತ್ರ ಬಡವರು. ಹಾಗಾಗಿ ಆರೋಗ್ಯ, ಶಿಕ್ಷಣಗಳ ಯಾವ ಸೂಚಕದಲ್ಲೂ ಕೊರತೆಯಿಲ್ಲದ ಮನೆಯೊಂದರಲ್ಲಿ ಈ ಏಳರ ಪೈಕಿ ಆರು ಇಲ್ಲದಿದ್ದರೂ ಅದು ಬಡಕುಟುಂಬವಲ್ಲ! (ಕರಾವಳಿಯ ಬಚ್ಚಲ ಒಲೆಗೆ ಉರಿಸುವ ಸೌದೆ ಇಲ್ಲಿ ಲೆಕ್ಕಕ್ಕಿಲ್ಲ, ಅಡುಗೆಯದು ಮಾತ್ರ.) ತೆಂಡೂಲ್ಕರ್ ಸಮಿತಿಯ ವಿಧಾನದ ಪ್ರಕಾರ 2011-12ರಲ್ಲಿ ಕರ್ನಾಟಕದಲ್ಲಿದ್ದ ಶೇ. 20.91 ಬಡತನವನ್ನು ಈ ಸೂಚ್ಯಂಕದ ಪಕ್ಕದಲ್ಲಿಟ್ಟು ಇಳಿಕೆ ತೋರಿಸುವುದೂ ತಪ್ಪು, ಏಕೆಂದರೆ ಅದು ಮನೆಖರ್ಚಿನ ಅಳತೆ. ಈ ಸೂಚ್ಯಂಕದಲ್ಲೇ ರಾಜ್ಯದ ಪ್ರಮಾಣ 2015-16ರ ಶೇ. 12.77ರಿಂದ 2019-21ರಲ್ಲಿ ಶೇ. 7.58ಕ್ಕೆ ಇಳಿದಿದ್ದು ಒಂದೇ ಅಳತೆಯದಾದ್ದರಿಂದ ಹೋಲಿಸಬಹುದು.

ಉತ್ತರ 3:
ನೀವು ಆರಿಸಿಕೊಂಡ ಜಿಲ್ಲೆಗಳಲ್ಲಿ ಸರಾಸರಿ ಮುಚ್ಚಿಡುವುದೇ ಹೆಚ್ಚು. ದಕ್ಷಿಣ ಕನ್ನಡ, ಉಡುಪಿಗಳ ಕೊರಗರು ಮತ್ತು ಕೊಡಗಿನ ಜೇನುಕುರುಬರು ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಬುಡಕಟ್ಟುಗಳು. ಕಾಫಿ ತೋಟಗಳ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ಸ್ಥಿತಿಯೂ ಜಿಲ್ಲೆಯ ಅಂಕಿಯಲ್ಲಿ ಕಾಣುವುದಿಲ್ಲ. ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ನೀಡಿದ ನಂಜುಂಡಪ್ಪ ಸಮಿತಿಯು ತಾಲ್ಲೂಕನ್ನೇ ಘಟಕವಾಗಿಟ್ಟುಕೊಂಡು 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅದು ಹಳೆಯದಾದರೂ ಘಟಕದ ಆಯ್ಕೆ ಇಂದಿಗೂ ಸರಿಯೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೋಷ್ಟಕದಿಂದ ಕ್ರಮಾಂಕವನ್ನು ತೆಗೆದು, ಪ್ರತಿ ಜಿಲ್ಲೆಯ ಮುಂದೆ ವಸತಿ, ಪೌಷ್ಟಿಕತೆಗಳ ಕೊರತೆಯನ್ನು ಬೇರೆಬೇರೆಯಾಗಿ ಹಾಕುತ್ತೇನೆ. ಕೊರಗ ಕುಟುಂಬಗಳಿಗೆ ಪ್ರತ್ಯೇಕ ಅಧ್ಯಾಯ ಬೇಕಾಗಬಹುದು.